ದಾನಿಗಳು ಎಂದು ಬರೆದವಳು ನಾನು

ಆಹ್ವಾನ ಪತ್ರಿಕೆಯ ಕರಡಿನಲ್ಲಿ ಕೆಳಗಿನಿಂದ ಮೂರನೆಯ ಸಾಲು ಉಳಿದವಕ್ಕಿಂತ ದಪ್ಪವಾಗಿತ್ತು. ಪ್ರೆಸ್ಸಿನವರು ಅದಕ್ಕೆ ಹದಿನೆಂಟು ಪಾಯಿಂಟ್ ಹಾಕಿದ್ದರು. ನಾನು ಅದನ್ನು ಹದಿನಾಲ್ಕಕ್ಕೆ ಇಳಿಸಲು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಅಂಚಿನಲ್ಲಿ 'ಬೇರೆ ಹೆಸರುಗಳಷ್ಟೇ ಇರಲಿ' ಎಂದು ಬರೆದು ವಾಪಸು ಕಳಿಸಿದೆ. ಆ ಸಾಲಿನಲ್ಲಿ ಇದ್ದದ್ದು ಒಬ್ಬರ ಹೆಸರು, ಅದರ ಮೇಲೆ 'ದಾನಿಗಳು' ಎಂಬ ಪದ. ಅಕ್ಷರದ ಗಾತ್ರದ ಬಗ್ಗೆ ಅಷ್ಟು ಯೋಚಿಸಿದ ನನಗೆ ಪದದ ಬಗ್ಗೆ ಯಾವ ಅನುಮಾನವೂ ಬರಲಿಲ್ಲ. ಅದನ್ನು ಹಾಕಿದವಳೂ ನಾನೇ.

ಆಗ ನಾನು ಚಾಮರಾಜನಗರದಲ್ಲಿ ಒಬ್ಬ ರಾಜಕಾರಣಿಯ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಅವರು ಮೊದಲು ವಕೀಲರು. ಕರಿ ಕೋಟು ಬಿಟ್ಟು ಬಹಳ ಕಾಲವಾಗಿದ್ದರೂ ಜನರ ಬಾಯಲ್ಲಿ ವಕೀಲರಾಗಿಯೇ ಉಳಿದಿದ್ದರು. ಒಮ್ಮೆ ಜಿಲ್ಲಾ ಪಂಚಾಯಿತಿಗೆ ಗೆದ್ದಿದ್ದರು, ಮುಂದಿನ ವಿಧಾನಸಭೆಗೆ ಟಿಕೆಟ್ ಕೇಳುತ್ತಿದ್ದರು. ಅವರ ಪತ್ರಿಕಾ ಹೇಳಿಕೆ, ಶಿಫಾರಸು ಪತ್ರ, ಭಾಷಣದ ಟಿಪ್ಪಣಿ, ಸಮಾರಂಭದ ಕಾರ್ಡು ಎಲ್ಲವನ್ನೂ ಬರೆಯುವುದು ನನ್ನ ಕೆಲಸ. ಮಾತಾಡುವುದು ಕಡಿಮೆ, ಬರೆಯುವುದು ಸರಿಯಾಗಿ. ಹೀಗೆ ಅವರು ನನ್ನನ್ನು ಬೇರೆಯವರಿಗೆ ಪರಿಚಯಿಸುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು.

ಜಗಳವಿರುವ ಊರಿಗೆ ಹೋದರೆ ವಕೀಲರು ಎರಡೂ ಕಡೆಯವರ ಮನೆಯಲ್ಲಿ ಏನಾದರೂ ಬಾಯಿಗೆ ಹಾಕಿಕೊಂಡೇ ಬರುತ್ತಿದ್ದರು. ಒಂದು ಮನೆಯಲ್ಲಿ ಪಾಯಸ ಕೊಟ್ಟರೆ, ಇನ್ನೊಂದು ಮನೆಯಲ್ಲಿ ಬೆಲ್ಲದ ಕಾಫಿಯಾದರೂ ಆಗಬೇಕು. ಸಕ್ಕರೆ ಕಾಯಿಲೆ ಇತ್ತು. ಕಾರಿನಲ್ಲಿ ಮಾತ್ರೆ ನುಂಗುತ್ತ, "ರಾಜಿ ಮಾಡ್ಸಿ ಮಾಡ್ಸಿ ನನ್ನ ಶುಗರ್ ಮುನ್ನೂರು ದಾಟ್ತು ಕಣಮ್ಮ," ಎಂದು ನಗುತ್ತಿದ್ದರು. ಹೀಗೆ ತಿಂದು ಕುಡಿದೇ ಅವರು ನಿಂತಿದ್ದ ಬೋರ್‌ವೆಲ್ ಕೊರೆಸಿದ್ದರು, ಮುಚ್ಚಿದ್ದ ಹಾಸ್ಟೆಲ್ ತೆಗೆಸಿದ್ದರು. ಯಾರ ಮೇಲೂ ಕೇಸು ಹಾಕಿಸಿರಲಿಲ್ಲ. ಅದು ಅವರ ಹೆಮ್ಮೆ.

ನನ್ನನ್ನು ಅಲ್ಲಿಗೆ ಸೇರಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಎರಡು ವರ್ಷ ಹಿರಿಯಳು. ನನ್ನ ಪಕ್ಕದ ಮಂಚ. ಈಗ ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು. ವಕೀಲರ ಪಕ್ಷದ ಯುವ ಘಟಕ ತಾಲ್ಲೂಕಿನಲ್ಲಿ ನಡೆಯುತ್ತಿದ್ದದ್ದೇ ಅವಳಿಂದ. ಶಾಲೆ ಮೇಷ್ಟ್ರು, ಟೆಂಪೊ ಓಡಿಸುವವನು, ಇಬ್ಬರು ನರ್ಸುಗಳು, ಹೊಲಿಗೆ ಕಲಿಸುವ ಹೆಂಗಸರು, ಹೀಗೆ ಮೂವತ್ತು ನಲವತ್ತು ಜನ. ಭಾನುವಾರ ಸೇರಿ ಸಂವಿಧಾನ ಓದುತ್ತಿದ್ದರು, ಮದುವೆಗಳಲ್ಲಿ ಒಂದೇ ಪಂಕ್ತಿಯ ಊಟಕ್ಕೆ ಹಟ ಹಿಡಿಯುತ್ತಿದ್ದರು. ಕಳೆದ ಚುನಾವಣೆಯಲ್ಲಿ ವಕೀಲರಿಗಾಗಿ ತೆರಕಣಾಂಬಿಯಿಂದ ಭೀಮನಬೀಡಿನವರೆಗೆ ಮನೆ ಮನೆ ತಿರುಗಿದ್ದರು. ಜೀಪು ಕೊಡುತ್ತೇನೆಂದರೂ ಬೇಡ ಎಂದು ನಡೆದೇ ಹೋಗಿದ್ದರು. ಅವರ ಜೊತೆ ನಾನೂ ನಾಲ್ಕು ದಿನ ನಡೆದಿದ್ದೆ. ಹೆಚ್ಚು ಮಾತಾಡಿರಲಿಲ್ಲ, ಮತದಾರರ ಪಟ್ಟಿ ಹಿಡಿದು ಹೆಸರುಗಳಿಗೆ ಗೆರೆ ಹಾಕುತ್ತಿದ್ದೆ.

ಆ ಕಾರ್ಡು ಅಕ್ಕನ ಊರಿನದು. ತೆರಕಣಾಂಬಿಯಿಂದ ಒಳಕ್ಕೆ ಹೋಗಬೇಕು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಅಕ್ಕನ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿ ಹಳೆಯ ಗ್ರಾಮ ನಕ್ಷೆಯಲ್ಲಿ ಎರಡು ಚುಕ್ಕೆಗೆರೆಗಳಾಗಿ ಇದೆ. ನೆಲದ ಮೇಲೆ ಅಲ್ಲಿ ಬಾಳೆ ಇತ್ತು. ಪಕ್ಕದ ಜಮೀನಿನ ಗೌಡರು ವರ್ಷಕ್ಕೊಂದು ಸಾಲು ಒತ್ತಿ ಒತ್ತಿ, ಅವರ ತೋಟ ಆ ಕಡೆಯ ಬೇಲಿಯವರೆಗೂ ಹೋಗಿತ್ತು. ಹೆಣ ಹೊತ್ತವರು ಹಳ್ಳ ಇಳಿದು ಸುತ್ತಿಕೊಂಡು ಹೋಗಬೇಕು. ಹಿಂದಿನ ಮಳೆಗಾಲ ಅಕ್ಕನ ಅಜ್ಜಿಯನ್ನು ಹೊತ್ತು ಹೋಗುವಾಗ ಮುಂದಿನವರ ಕಾಲು ಜಾರಿತು. ಚಟ್ಟ ಮಗುಚಿತು. ಅಜ್ಜಿಯನ್ನು ಮೊಣಕಾಲುದ್ದದ ಕೆಸರು ನೀರಿನಿಂದ ಎತ್ತಿ, ಮೈ ತೊಳೆದು, ಮತ್ತೆ ಕಟ್ಟಿದರು. ಅಕ್ಕ ಇದನ್ನು ನನಗೆ ಫೋನಿನಲ್ಲಿ ಹೇಳಿದಳು. ಅಳಲಿಲ್ಲ. "ಸೀರೆ ಬಿಚ್ಕೊಂಡ್‌ಬುಡ್ತು ಕಣಮ್ಮಿ," ಎಂದಳು, ಅಷ್ಟೆ.

ಆಮೇಲೆ ಅವಳ ಗುಂಪು ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿತು. ನಕ್ಷೆಯಲ್ಲಿರುವ ದಾರಿಯನ್ನು ಅಳತೆ ಮಾಡಿ ತೆರವು ಮಾಡಿಕೊಡಿ ಎಂಬ ಒಂದೂವರೆ ಪುಟದ ಅರ್ಜಿ. ಕೇರಿಯ ಹಿರಿಯರು ಸಹಿ ಹಾಕಿದ್ದರು. ಅಳತೆಗೆ ದಿನ ಗೊತ್ತಾಗುವುದರೊಳಗೆ ಈ ವರ್ಷದ ಮಳೆ ಹತ್ತಿರ ಬಂತು, ವಕೀಲರು ನಡುವೆ ಬಂದರು. ಗೌಡರ ಜಗಲಿಯಲ್ಲಿ ಕೂತು ಮೂರು ಸಂಜೆ ಮಾತಾಡಿ ಹನ್ನೆರಡು ಅಡಿ ದಾರಿ ಬಿಡುವುದಕ್ಕೆ ಒಪ್ಪಿಸಿದರು. ಪಂಚಾಯಿತಿಯಿಂದ ಮಣ್ಣು, ಜಲ್ಲಿ. ಸೋಮವಾರ ಗುದ್ದಲಿ ಪೂಜೆ. "ಗೌಡ್ರ ಹೆಸರು ಗೌರವದ ಜಾಗದಲ್ಲಿ ಬರೋ ಹಾಗೆ ಒಂದು ಕಾರ್ಡ್ ಮಾಡಮ್ಮ," ಎಂದರು. ಗೌರವದ ಜಾಗಕ್ಕೆ ಯಾವ ಪದ ಎಂದು ಅವರು ಹೇಳಲಿಲ್ಲ.

ನನಗೆ ಆ ಪದ ಹುಡುಕಬೇಕಾಗಿಯೇ ಬರಲಿಲ್ಲ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಗೌಡರು ನಮ್ಮವರೇ. ನಮ್ಮ ಮನೆಯಲ್ಲೂ ಲಿಂಗಪೂಜೆ, ವಿಭೂತಿ. ನನ್ನ ಚಿಕ್ಕಮ್ಮನನ್ನು ಕೊಟ್ಟಿರುವುದು ಅವರ ದಾಯಾದಿಗಳ ಮನೆಗೆ. ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಕೊಡುವುದು ಒಂದು ಅಭ್ಯಾಸ. ಸುಗ್ಗಿಯಲ್ಲಿ ಕಣದಿಂದ ರಾಗಿ ಒಳಗೆ ಬರುವ ಮೊದಲು ಕೇರಿಯವರಿಗೆ ಎರಡು ಮೊರ ಅಳೆಯುತ್ತಿದ್ದರು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು ಕೊಡುತ್ತಿದ್ದಳು, ಅವರು ಮಡಿಲು ಒಡ್ಡಿ ಈಸಿಕೊಳ್ಳುತ್ತಿದ್ದರು. ಅವರೇ ಬಿತ್ತಿ, ಕುಯ್ದು, ಬಡಿದ ರಾಗಿ ಅದು ಎಂದು ನಮ್ಮ ಮನೆಯಲ್ಲಿ ಯಾರೂ ಅಂದದ್ದು ನನಗೆ ನೆನಪಿಲ್ಲ. ನಮ್ಮವರ ಕೈಯಿಂದ ಆ ಕಡೆಗೆ ಏನು ಹೋದರೂ ಅದಕ್ಕೆ ನನ್ನ ತಲೆಯಲ್ಲಿ ಒಂದೇ ಹೆಸರಿತ್ತು. ಎಂ.ಎ. ಓದಿದರೂ ಅದು ಹಾಗೇ ಉಳಿದಿತ್ತು.

ಕಾರ್ಡು ಅಚ್ಚಾದ ಮೇಲೆ, ಎಲೆಅಡಿಕೆ ಇಟ್ಟು ಮೊದಲ ಪ್ರತಿ ಕೊಡಲು ವಕೀಲರ ಜೊತೆ ನಾನೂ ಗೌಡರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಓದುತ್ತ ಬಂದು ಆ ಸಾಲಿನ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ಇತ್ತು.

"ಇದ ಯಾರ್ ಬರ್ದವ್ರು?"

"ಇವಳೇ," ಎಂದರು ವಕೀಲರು.

"ನೀ ತೆರಕಣಾಂಬಿ ಡಿಪೋದವ್ರ ಮಗಳಲ್ವಾ? ನಿಮ್ ಚಿಕ್ಕವ್ವ ನಮ್ ತಮ್ಮನ್ ಮನೇಲವ್ಳೆ. ಚೆಂದಾಗ್ ಬರ್ದಿದ್ದೀಯ ಕಣಮ್ಮಿ." ನಮ್ಮಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ತಲೆಯಾಡಿಸಿದೆ. ಗೌಡರು ವಕೀಲರ ಕಡೆ ತಿರುಗಿದರು. "ಒಂದ್ ಮಾತು ವಕೀಲ್ರೇ. ದಾನ ಮಾಡ್ದೋನ್ ಮ್ಯಾಲ ತಾಲ್ಲೂಕ್ ಕಚೇರಿಲಿ ಅರ್ಜಿ ಬಿದ್ದಿದ್ರ ಜನ ಏನಂದಾರು? ಅದ ವಾಪಸ್ ತಗಸ್ಬುಡಿ. ಇಲ್ದಿದ್ರ ನನ್ಗ ಈ ಕಾರ್ಡೂ ಬ್ಯಾಡ, ಪೂಜೆನೂ ಬ್ಯಾಡ."

ಅಷ್ಟರಲ್ಲಿ ಗೌಡರಿಗೆ ಫೋನು ಬಂತು. ಕೇರಳದ ವ್ಯಾಪಾರಿಯ ಜೊತೆ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಮಾತಾಡಿ, ಬಾಳೆಕಾಯಿ ಲಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುವ ಬಂಡೀಪುರದ ಗೇಟು ದಾಟಬೇಕೆಂದು ಎದ್ದು ಹೋದರು. ಕಾರಿನಲ್ಲಿ ವಕೀಲರು ಖುಷಿಯಾಗಿದ್ದರು. "ನೋಡಿದ್ಯಾ? ಒಂದು ಪದಕ್ಕೆ ಮನುಷ್ಯ ಹನ್ನೆರಡು ಅಡಿ ನೆಲ ಬಿಡ್ತಾನೆ." ಅರ್ಜಿ ಹಿಂತೆಗೆಯುವ ಪತ್ರವನ್ನೂ ಬರೆದುಬಿಡು, ಕಾರ್ಡಿನಲ್ಲಿ ಹಾಕಿದ್ದನ್ನೇ ಮುಂದುವರಿಸು ಎಂದರು.

ಮರುದಿನ ಬರೆದೆ. ದಾನ ಎಂದ ಮೇಲೆ ಕೊಡುವವರ ಸ್ವಂತದ್ದಾಗಿರಬೇಕು. ವಾಕ್ಯ ತಾನಾಗಿಯೇ ಅತ್ತ ಹೋಯಿತು. 'ಸದರಿ ದಾರಿಯ ಜಾಗವು ಶ್ರೀಯುತರ ಸ್ವಂತ ಜಮೀನಾಗಿದ್ದು, ಅವರು ಔದಾರ್ಯದಿಂದ ಬಿಟ್ಟುಕೊಟ್ಟಿರುವುದರಿಂದ, ನಾವು ಸಲ್ಲಿಸಿದ್ದ ಅರ್ಜಿಯನ್ನು ಹಿಂಪಡೆಯುತ್ತೇವೆ.' ಟೈಪ್ ಮಾಡಿ ಒಮ್ಮೆ ಓದಿದೆ. 'ಸ್ವಂತ ಜಮೀನಾಗಿದ್ದು' ಎಂಬಲ್ಲಿ ಕಣ್ಣು ನಿಂತಿತು. ಪ್ರಿಂಟ್ ಕೊಟ್ಟೆ. ಆವತ್ತಿನಿಂದ ಕೂತ ಕಡೆ ಕೂರಲಾಗುತ್ತಿರಲಿಲ್ಲ. ನೀರು ಕುಡಿಯಲು ಎದ್ದು, ಕುಡಿಯದೆ ಬಂದು ಕೂರುತ್ತಿದ್ದೆ. ಬೇರೆ ಯಾವುದೋ ಶಿಫಾರಸು ಪತ್ರದಲ್ಲಿ ಊರಿನ ಹೆಸರು ತಪ್ಪಿತು. ನನಗೆ ಹಾಗೆ ತಪ್ಪುವುದಿಲ್ಲ.

ಬುಧವಾರ ಅವರು ಬಂದರು, ಒಂಬತ್ತು ಜನ. ಯಾವಾಗಲೂ ನೇರ ಒಳಕೋಣೆಗೆ ನುಗ್ಗಿ ಮೇಜಿನ ಅಂಚಿನ ಮೇಲೆ ಕೂರುವವರು ಆ ದಿನ ಮುಂದಿನ ಹಾಲಿನಲ್ಲಿ ಅಹವಾಲು ತಂದವರ ಹಾಗೆ ನಿಂತರು. ವಕೀಲರೇ ಹೊರಗೆ ಬಂದರು.

"ಏನ್ರಪ್ಪ, ಹೊಸಬರ ಥರ ನಿಂತಿದೀರಿ? ಬನ್ನಿ ಒಳಗೆ. ಟೀ ಹೇಳಮ್ಮ."

"ಟೀ ಬ್ಯಾಡಣ್ಣ," ಎಂದಳು ಅಕ್ಕ. ಬ್ಯಾಗಿನಿಂದ ಕಾರ್ಡು ತೆಗೆದು ಅವರ ಮುಂದೆ ಹಿಡಿದಳು. "ದಾನಿಗಳು ಅಂತ ಹಾಕ್ಸಿದ್ದೀರಲ್ಲ, ಯಾರ್ ಸ್ವತ್ತ ಯಾರ್ ದಾನ ಮಾಡ್ತಾವ್ರೆ?"

ವಕೀಲರು ನನ್ನ ಕಡೆ ಒಮ್ಮೆ ನೋಡಿದರು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ, "ಹಾಕ್ಸಿದೀನಿ. ಒಂದು ಪದ ತಾನೆ? ಅದರಿಂದ ದಾರಿ ಆಗುತ್ತೆ ಅಂದ್ರೆ ನಷ್ಟ ಯಾರಿಗೆ?" ಎಂದರು.

ನಾನು ಕೀಬೋರ್ಡ್ ನೋಡುತ್ತ ಕೂತಿದ್ದೆ. ಬಾಯಿ ತೆರೆಯಲು ಅದು ಸರಿಯಾದ ಹೊತ್ತು. ತೆರೆಯಲಿಲ್ಲ.

"ನಾಳಿಕ ಅವ್ರ ಮಗ ಬಂದು, ನಮ್ಮಪ್ಪ ಕೊಟ್ಟಿದ್ದ, ನಾ ಕೊಡಲ್ಲ ಅಂದ್ರ?"

"ಅಂದಾಗ ನೋಡ್ಕೊಳ್ಳೋಣ."

"ನಾವು ಇಷ್ಟ್ ದಿನ ನೋಡ್ಕಂಡೇ ಬಂದಿರದು ಅಣ್ಣ. ಮ್ಯಾಪಲ್ಲಿರದ ಯಾರೂ ವಾಪಸ್ ಕೇಳಕಾಗಲ್ಲ. ದಾನ ಕೊಟ್ಟಿದ್ದ ಯಾವತ್ ಬೇಕಾದ್ರೂ ಕೇಳ್ಬೋದು. ನೀವ್ ವಕೀಲ್ರು, ನಿಮ್ಗ ನಾ ಹೇಳ್ಬೇಕಾ?"

ಟೆಂಪೊದವನು ಹಿಂದಿನಿಂದ, "ಅಣ್ಣ ರೋಡ್ ಮಧ್ಯದ ಡಿವೈಡರ್ ಇದ್ದಂಗೆ ಕಣ್ಲಾ," ಎಂದ, ಪಕ್ಕದವನಿಗೆ ಹೇಳುವಂತೆ. "ಆ ಕಡೆ ಗಾಡಿನೂ ಓಯ್ತವ, ಈ ಕಡೆ ಗಾಡಿನೂ ಓಯ್ತವ. ಡಿವೈಡರ್ ಮಾತ್ರ ಅಲ್ಲೇ."

ವಕೀಲರೇ ಮೊದಲು ನಕ್ಕರು. "ಡಿವೈಡರ್ ಇಲ್ದಿದ್ರೆ ಎಷ್ಟು ಆಕ್ಸಿಡೆಂಟ್ ಆಗುತ್ತೆ ಗೊತ್ತೇನೋ?" ಎಲ್ಲರೂ ನಕ್ಕರು. ಆ ಕ್ಷಣದಲ್ಲಿ ಎಲ್ಲ ಸರಿಹೋಗಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಟೀ ಬಂದಿದ್ದರೆ ಕುಡಿಯುತ್ತಿದ್ದರು.

ಆದರೆ ವಕೀಲರು ಗೆದ್ದೆ ಎಂದುಕೊಂಡು ಮುಂದುವರಿದರು. "ನಿಮ್ಮ ಅರ್ಜಿ ಹಿಡ್ಕೊಂಡು ಹೋದ್ರೆ ಅಳತೆ, ನೋಟಿಸು, ತಕರಾರು, ಅಪೀಲು, ಸ್ಟೇ. ನಾನು ಕೋರ್ಟಿನಲ್ಲಿ ಅದನ್ನೇ ನೋಡಿದೋನು. ಅಷ್ಟರೊಳಗೆ ಕೇರೀಲಿ ಯಾರೂ ಸಾಯಲ್ವಾ? ಅವರನ್ನ ಎಲ್ಲಿಂದ ಹೊತ್ಕೊಂಡು ಹೋಗ್ತೀರಿ? ಮತ್ತೆ ಅದೇ ಹಳ್ಳ ತಾನೆ? ನಿಮ್ಮಜ್ಜಿಗೆ ಆದದ್ದು ಇನ್ನೊಬ್ಬರಿಗೆ ಆಗ್ಬೇಕಾ?"

ಅಕ್ಕ ಕಾರ್ಡನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ನಮ್ಮಜ್ಜಿ ಸುದ್ದಿ ಎತ್ಬೇಡಿ ಸಾರ್," ಎಂದಳು.

ಆರು ವರ್ಷದಲ್ಲಿ ಅವಳು ಅವರನ್ನು ಸಾರ್ ಎಂದದ್ದು ಅದೇ ಮೊದಲು. ವಕೀಲರ ಮುಖ ನೋಡಿದೆ. ಅವರಿಗೂ ಅದು ಕೇಳಿಸಿತ್ತು. ಒಂಬತ್ತೂ ಜನ ಹೊರಟರು. ಟೆಂಪೊದವನು ಹೊಸ್ತಿಲಲ್ಲಿ ನಿಂತು ಕೈಮುಗಿದು ಹೋದ.

ಆ ಮಧ್ಯಾಹ್ನ ಯುವ ಘಟಕದ ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರೇ ಹೊರಗೆ ಹೋದರು. ನನ್ನ ಫೋನಿನಲ್ಲಿ ಸಣ್ಣ ಬೂದು ಅಕ್ಷರದ ಸಾಲುಗಳು ಒಂದರ ಕೆಳಗೊಂದು ಬರುತ್ತಲೇ ಇದ್ದವು. ಯಾರೂ ಬೈದು ಬರೆಯಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಉಳಿದದ್ದು ವಕೀಲರು, ಅವರ ಡ್ರೈವರ್, ನಾನು, ಮತ್ತೆ ಪಕ್ಷದ ಇಬ್ಬರು ಹಿರಿಯರು. ಆ ಹಿರಿಯರಲ್ಲೊಬ್ಬರು ಫೋನ್ ಮಾಡಿ ಒಳ್ಳೆಯದೇ ಆಯಿತು ಎಂದರಂತೆ. ಊರೂರಲ್ಲಿ ಗೌಡರುಗಳ ಮುಖ ಕೆಡಿಸುತ್ತಿದ್ದ ಗುಂಪು, ಈಗ ಟಿಕೆಟ್ ಹಾದಿ ಸಲೀಸು ಎಂದರಂತೆ. ವಕೀಲರು ಅದನ್ನು ನನಗೆ ಹೇಳಿ, ಊಟದ ಡಬ್ಬಿ ತೆರೆದು, ಎರಡು ತುತ್ತು ತಿಂದು ಮುಚ್ಚಿದರು.

"ನನಗೋಸ್ಕರ ನಡೆದೋರು ಕಣಮ್ಮ ಅವ್ರು. ಬಿಸಿಲಲ್ಲಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವಳು ನಿನಗೇನಾದ್ರೂ ಫೋನ್ ಮಾಡಿದ್ಲಾ?" ಎಂದು ಕೇಳಿದರು. ಇಲ್ಲ ಎಂದೆ. ಸಂಜೆಯೊಳಗೆ ಇನ್ನೆರಡು ಸಲ ಕೇಳಿದರು. ಪದ ನನ್ನದು ಎಂಬ ಮಾತನ್ನು ಮಾತ್ರ ಅವರು ಎತ್ತಲಿಲ್ಲ, ಆವತ್ತೂ, ಆಮೇಲೂ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗುರುವಾರ ಸಂಜೆ ವಕೀಲರು ಕೇರಿಗೆ ಹೋದರು, ಹಿರಿಯರ ಸಹಿ ಹಾಕಿಸಲು. ಇಂಕ್ ಪ್ಯಾಡು, ಪತ್ರ ನನ್ನ ಬ್ಯಾಗಿನಲ್ಲಿ. ಸಮುದಾಯ ಭವನದ ಮುಂದೆ ಚಾಪೆ ಹಾಸಿದ್ದರು. ವಕೀಲರು ಅವರ ಜೊತೆ ನೆಲದ ಮೇಲೆ ಕೂತು ಬೆಲ್ಲದ ಕಾಫಿ ಕುಡಿದರು. ಮಳೆ ಬರುವ ಮೊದಲು ದಾರಿ, ಜಲ್ಲಿ ಬೇರೆ, ದೀಪದ ಕಂಬ ಕೂಡ ನೋಡೋಣ ಎಂದರು. ಸುಳ್ಳೇನೂ ಹೇಳಲಿಲ್ಲ. ಪತ್ರವನ್ನು ಓದಿ ಹೇಳಲೂ ಇಲ್ಲ. "ಅರ್ಜಿ ಇನ್ನು ಬೇಕಾಗಿಲ್ಲ ಅಂತ ಬರೆದಿದೆ ಅಷ್ಟೆ."

ಎಲ್ಲರಿಗಿಂತ ಹಿರಿಯರಾದ ಒಬ್ಬ ತಾತ ಕಾಗದವನ್ನು ಕೈಯಲ್ಲಿ ಹಿಡಿದು, ತಲೆಕೆಳಗಾಗಿಯೋ ಸರಿಯಾಗಿಯೋ, ಬಹಳ ಹೊತ್ತು ನೋಡಿದರು. ಅವರಿಗೆ ಓದಲು ಬರುವುದಿಲ್ಲ.

"ಬುದ್ಧೀ, ಇದ ಬರ್ದಿರದು ಯಾರು?"

ವಕೀಲರು ನನ್ನ ಕಡೆ ಕೈ ತೋರಿಸಿದರು.

"ಓ, ನಮ್ ಹುಡ್ಗಿ ಜೊತಲಿ ಓದದವ್ಳಲ್ವಾ? ನಮ್ಮನ್ಗ ಬಂದು ಮುದ್ದೆ ಉಂಡವ್ಳೆ. ಆಯ್ತು ಬುಡಿ, ಎಲ್ಲಿ ಒತ್ಬೇಕು ತೋರ್ಸವ್ವ."

ತೋರಿಸಿದೆ. ಅವರ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ, ಕಾಗದದ ಮೇಲೆ ಇಟ್ಟು, ಹಳೆಯ ಬಟ್ಟೆಯಿಂದ ಒರೆಸಿದೆ. ಹೆಸರು ಬರೆಯಲಷ್ಟೇ ಕಲಿತವರ ಹನ್ನೊಂದು ಸಹಿ, ನಾಲ್ಕು ಹೆಬ್ಬೆಟ್ಟು. ಮಳೆಗೆ ಮೊದಲು ದಾರಿ ಆದರೆ ಸಾಕು ಎಂದು ಹಿರಿಯರು ಅಕ್ಕನ ಮಾತು ಕೇಳಿರಲಿಲ್ಲವಂತೆ; ಅವಳು ಚಾಪೆಯ ಹತ್ತಿರ ಬರಲಿಲ್ಲ. ತನ್ನ ಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ವಕೀಲರು ಬೇರೆಯವರ ಜೊತೆ ಮಾತಾಡುತ್ತಿದ್ದಾಗ ನಾನು ಅಲ್ಲಿಗೆ ಹೋದೆ. ಒಳಗೆ ಬಾ ಎನ್ನಲಿಲ್ಲ.

"ಅಕ್ಕ."

"ಏನು?"

"ದಾನಿಗಳು ಅಂತ ಬರ್ದಿದ್ದು ಅವರಲ್ಲ. ನಾನು."

ಅವಳು ನನ್ನನ್ನೇ ನೋಡಿದಳು. "ಆ ಪತ್ರನೂ ನೀನೇಯಾ?"

"ಹ್ಞೂಂ."

"ಓದ್ಕಂಡ್ ಬರ್ದ್ಯೋ, ಓದ್ದೇ ಬರ್ದ್ಯೋ?"

"ಓದ್ಕೊಂಡೆ."

"ನಿನ್ನೆ ಆಫೀಸಲ್ಲಿ ಅವ್ರ್ಗ ನಾ ಬಾಯ್ಗ್ ಬಂದಂಗ ಅಂದೆ. ನೀ ಅಲ್ಲೇ ಕೂತಿದ್ದೆ." ಅವಳ ದನಿ ಏರಲಿಲ್ಲ. "ಗೌಡ್ರಾದ್ರೂ ತೋಟ ಒತ್ತಿದ್ರು ಕಣಮ್ಮಿ. ನೀ ಕೂತ್ಕಂಡು ಕಾಗದದಲ್ಲೇ ಬರ್ಕೊಟ್‌ಬುಟ್ಟೆ. ಓಗು, ಕಾರು ಕಾಯ್ತಾ ಅದ."

ವಕೀಲರು ಚಾಮರಾಜನಗರಕ್ಕೆ ಹೊರಟರು. ನನ್ನನ್ನು ತೆರಕಣಾಂಬಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, "ನಾಳೆ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ ಪತ್ರನ ತಾಲ್ಲೂಕು ಕಚೇರಿ ಟಪಾಲಿಗೆ ಕೊಟ್ಟು, ಸೀಲು ಹಾಕಿಸ್ಕೊಂಡು ಬಾ," ಎಂದರು. ಮನೆಗೆ ಹೋಗಿ ಬ್ಯಾಗನ್ನು ಗೂಟಕ್ಕೆ ಹಾಕಿದೆ, ತೆಗೆದು ಮೇಜಿನ ಮೇಲಿಟ್ಟೆ, ಅಲ್ಲಿಂದ ಬೀರುವಿಗೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು.

"ಗೌಡ್ರು ದಾರಿ ಬುಟ್ಕೊಟ್ರಂತಲ್ಲ? ನಿಮ್ ಚಿಕ್ಕವ್ವ ಫೋನ್ ಮಾಡಿದ್ಲು. ಕಾರ್ಡಲ್ಲಿ ದಾನಿಗಳು ಅಂತ ಹೆಸ್ರು ಬಂದದ ಅಂತ ಅವ್ರ ಮನೇಲೆಲ್ಲ ಖುಷಿ. ನೀನೇ ಬರ್ದಿರದು ಅಂತಲ್ಲ. ಒಳ್ಳೇದಾಯ್ತು ಬುಡು."

"ಆ ದಾರಿ ಅವ್ರದ್ದಲ್ಲಮ್ಮ. ನಕ್ಷೆಲಿ ದಾರಿ ಅಂತಲೇ ಇದೆ."

"ಇರ್ಲಿ ಬುಡು. ಅವ್ರೇ ಬಾಳೆ ಹಾಕಿದ್ರಲ್ಲ, ಬುಟ್ರಲ್ಲ ಈಗ. ಕೊಡೋ ಮನ್ಸು ಬೇಡ್ವಾ?" ಅಮ್ಮ ಸೊಪ್ಪಿನ ದಂಟು ಮುರಿಯುತ್ತ ಹೇಳಿದಳು. ಅವಳು ಕೆಟ್ಟವಳಲ್ಲ. ಅವಳ ಮಾತು ನಾನು ಟೈಪ್ ಮಾಡಿದ ವಾಕ್ಯವೇ ಆಗಿತ್ತು, ಔದಾರ್ಯ ಎಂಬ ಒಂದು ಪದ ಬಿಟ್ಟು.

ಆ ಕಾಗದವನ್ನು ಹರಿದುಹಾಕುವುದು ಸುಲಭ. ಅದನ್ನೂ ಯೋಚಿಸಿದೆ. ಆದರೆ ಮಳೆಗೆ ಮೊದಲು ದಾರಿ ಬೇಕು ಎಂದು ಒತ್ತಿದವರ ಹೆಬ್ಬೆಟ್ಟು ಅದು. ಅದನ್ನು ಹರಿಯಲು ನಾನು ಯಾರು? ಅವರಿಗೆ ಏನು ಒಳ್ಳೆಯದು ಎಂದು ಅವರನ್ನು ಕೇಳದೆ ತೀರ್ಮಾನಿಸುವುದನ್ನು ಇನ್ನೊಮ್ಮೆ ಮಾಡಿದಂತಾಗುತ್ತಿತ್ತು. ವಕೀಲರು ಹೇಳಿದ ಅಪೀಲು, ಸ್ಟೇ ಯಾವುದೂ ಸುಳ್ಳಲ್ಲ. ಅಕ್ಕ ಹೇಳಿದ ಗೌಡರ ಮಗನೂ ಸುಳ್ಳಲ್ಲ. ಹನ್ನೆರಡು ಅಡಿ ಬೇಕೋ, ಆ ಎರಡು ಚುಕ್ಕೆಗೆರೆ ಬೇಕೋ ಎಂದು ಆರಿಸಬೇಕಾದವರು ಅವರು. ಆರಿಸಬೇಕು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಆರೂಕಾಲಿಗೆ ಬಸ್ ಸ್ಟ್ಯಾಂಡಿನಿಂದ ವಕೀಲರಿಗೆ ಫೋನ್ ಮಾಡಿದೆ. ವಾಕಿಂಗಿನಲ್ಲಿದ್ದರು, ಏದುಸಿರು ಕೇಳಿಸುತ್ತಿತ್ತು.

"ಸಾರ್, ಟಪಾಲಿಗೆ ಕೊಡೋ ಮೊದಲು ಪತ್ರನ ಅವರಿಗೆ ಓದಿ ಹೇಳ್ತೀನಿ."

ನಡೆಯುತ್ತಿದ್ದ ಹೆಜ್ಜೆ ನಿಂತಿತು. "ಯಾರಿಗೆ?"

"ಹೆಬ್ಬೆಟ್ಟು ಒತ್ತಿದೋರಿಗೆ. ಕೊಡು ಅಂದ್ರೆ ಕೊಡ್ತೀನಿ. ಬೇಡ ಅಂದ್ರೆ ಅವರ ಹತ್ರನೇ ಬಿಟ್ಟು ಬರ್ತೀನಿ."

"ಓದಿದ್ರೆ ಕೊಡಲ್ಲ ಅವ್ರು. ಸೋಮವಾರದ ಪೂಜೆ ನಿಲ್ಲುತ್ತೆ. ಮಳೆ ಬರುತ್ತೆ ಕಣಮ್ಮ."

"ಗೊತ್ತು ಸಾರ್."

"ಅವಳು ಹೇಳಿದ್ಲಾ ಹೀಗೆ ಮಾಡು ಅಂತ?"

"ಇಲ್ಲ ಸಾರ್. ಅವಳು ನನ್ ಜೊತೆ ಮಾತಾಡ್ತಿಲ್ಲ."

ಯಾರೋ ಅವರಿಗೆ ನಮಸ್ಕಾರ ಹೇಳಿ ಹೋದದ್ದು ಕೇಳಿಸಿತು. "ನನ್ ಜೊತೆನೂ," ಎಂದರು ವಕೀಲರು. "ಹತ್ತು ಗಂಟೆಗೆ ಆಫೀಸಿಗೆ ಬರ್ತೀಯಾ?"

"ಬಾ ಅಂದ್ರೆ ಬರ್ತೀನಿ ಸಾರ್."

ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಫೋನು ಕಟ್ಟಾಯಿತು.

ಗುಂಡ್ಲುಪೇಟೆ ಬಸ್ಸು ಮುಂದೆ ಬಂದು ನಿಂತಿತು, ಹೋಯಿತು. ಆಟೋ ಹಿಡಿದು ಊರಿನ ತಿರುವಿನಲ್ಲಿ ಇಳಿದೆ. ಎರಡೂ ಕಡೆ ಚೆಂಡುಹೂವಿನ ಸಸಿ ನೆಡಲು ಹೊಲ ಹದ ಮಾಡಿದ್ದರು. ಕೇರಿಗೆ ಹೋದಾಗ ಏಳು ಗಂಟೆ ಆಗಿರಬೇಕು, ಹೆಂಗಸರು ಕೂಲಿಗೆ ಹೊರಡುತ್ತಿದ್ದರು. ಅಕ್ಕನ ಮನೆಯ ಬಾಗಿಲು ತೆರೆದಿತ್ತು; ನಾನು ಆ ಕಡೆ ಹೋಗಲಿಲ್ಲ. ತಾತ ಜಗಲಿಯ ಮೇಲೆ ಕೂತು ಲೋಟದಲ್ಲಿ ಕಾಫಿ ಆರಿಸುತ್ತಿದ್ದರು.

"ಯಾಕವ್ವ, ಇನ್ನೊಂದ್ಸಲ ಒತ್ಬೇಕಾ?"

"ಇಲ್ಲ ತಾತ. ನಿನ್ನೆ ಓದಿ ಹೇಳ್ಲಿಲ್ಲ. ಓದ್ತೀನಿ, ಎಲ್ಲರನ್ನೂ ಕರೀರಿ."

ಅವರು ಕೂಗಿದರು. ಒಬ್ಬೊಬ್ಬರಾಗಿ ಬಂದರು. ಸಹಿ ಹಾಕಿದ್ದ ಹದಿನೈದು ಜನರಲ್ಲಿ ಹನ್ನೆರಡು ಜನ ಸಿಕ್ಕರು. ಮೂವರು ಬೆಳಕು ಹರಿಯುವ ಮೊದಲೇ ಈರುಳ್ಳಿ ಕೀಳಲು ಹೋಗಿದ್ದರು. ನಾನು ನಿಂತೇ ಓದಿದೆ. ನನ್ನ ದನಿ ಸಣ್ಣದು, ಸಭೆಗಳಲ್ಲಿ ನಾನು ಓದಿದವಳಲ್ಲ. 'ಸದರಿ ದಾರಿಯ ಜಾಗವು ಶ್ರೀಯುತರ ಸ್ವಂತ ಜಮೀನಾಗಿದ್ದು' ಎಂಬಲ್ಲಿಗೆ ಬಂದಾಗ ಹಿಂದೆ ನಿಂತಿದ್ದ ಒಬ್ಬರು, "ಏನು, ಸ್ವಂತ ಅಂದ್ರಾ?" ಎಂದರು. ಹೌದು ಎಂದೆ. ಅದನ್ನು ಬರೆದವಳು ನಾನೇ ಎಂದೂ, ಸರ್ಕಾರದ ನಕ್ಷೆಯಲ್ಲಿ ಹಾಗಿಲ್ಲ ಎಂದೂ, ಇದನ್ನು ಕೊಡದಿದ್ದರೆ ಸೋಮವಾರ ಕೆಲಸ ಶುರುವಾಗುವುದು ಅನುಮಾನ ಎಂದೂ ಹೇಳಿದೆ. ಮೂರನ್ನೂ ಹೇಳಿದೆ. ಕಾಗದವನ್ನು ತಾತನ ಪಕ್ಕದಲ್ಲಿ ಜಗಲಿಯ ಮೇಲಿಟ್ಟೆ.

ತಾತ ಅದನ್ನು ಮುಟ್ಟಲಿಲ್ಲ. ಲೋಟ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಕೂಲಿಗೆ ಹೊರಟಿದ್ದ ಹೆಂಗಸರನ್ನೂ ಕೈಮಾಡಿ ನಿಲ್ಲಿಸಿದರು.

"ಇನ್ನೊಂದ್ಸಲ ಓದವ್ವ," ಎಂದರು. "ಮೆಲ್ಲಗ ಓದು. ಇವ್ರೂ ಕೇಳ್ಲಿ."

ಕಾಗದ ಎತ್ತಿಕೊಂಡು ಮೊದಲಿನಿಂದ ಓದಿದೆ.